ಗೃಹ ಕಾರ್ಯಾಗಾರಕ್ಕೆ ಲೋಹ ಕತ್ತರಿಸುವ ಪಟ್ಟಿ ಗರಗಸ: ಆಯ್ಕೆಯ ವಿವೇಚನೆ

ಲೋಹದ ಕೆಲಸವು ಯಾವುದೇ ಇರಲಿ, ಅದು ಕತ್ತರಿಸುವುದರಿಂದಲೇ ಆರಂಭವಾಗುತ್ತದೆ. ಲೇತಿಗೆ ಏರುವ ಸರಳಾಗಲಿ, ಬೆಸುಗೆಗೆ ಸಿದ್ಧವಾಗುವ ಆ್ಯಂಗಲ್ ಪಟ್ಟಿಯಾಗಲಿ ಮೊದಲು ಅಳತೆಗೆ ತಕ್ಕಂತೆ ತುಂಡಾಗಬೇಕು. ನಮ್ಮ ಶಾಲೆಯಿಂದ ಹೊರಬಿದ್ದು, ಐ.ಟಿ.ಐ. ಮುಗಿಸಿ, ಮನೆಯ ಹಿತ್ತಲಿನಲ್ಲಿಯೇ ಸಣ್ಣ ಕಾರ್ಯಾಗಾರವನ್ನು ತೆರೆಯುವ ತರುಣರು ಯಂತ್ರ ಕೊಳ್ಳುವ ಮುನ್ನ ಸಲಹೆ ಕೇಳುವುದುಂಟು. ಸಾಲ ಮಾಡಿ ತಂದ ಯಂತ್ರವು ಕೆಲಸಕ್ಕೆ ಹೊಂದದಿದ್ದರೆ ಅದು ಮೂಲೆಯಲ್ಲಿ ತುಕ್ಕು ಹಿಡಿಯುತ್ತದೆ. ಕಂತು ಮಾತ್ರ ನಿಲ್ಲುವುದಿಲ್ಲ. ಆದುದರಿಂದ ಈ ವಿಷಯವನ್ನು ಇಲ್ಲಿ ಸ್ವಲ್ಪ ವಿವರವಾಗಿ ಪರಿಶೀಲಿಸೋಣ.

ಬ್ಯಾಂಡ್‌ಸಾ ಎಂದು ಕರೆಯಲಾಗುವ ಪಟ್ಟಿ ಗರಗಸದಲ್ಲಿ ತುದಿಗಳನ್ನು ಬೆಸೆದ ಹಲ್ಲಿನ ಪಟ್ಟಿಯೊಂದು ಎರಡು ಚಕ್ರಗಳ ಮೇಲೆ ಎಡೆಬಿಡದೆ ಸುತ್ತುತ್ತದೆ. ಈ ಕಲ್ಪನೆಗೆ 19ನೆಯ ಶತಮಾನದ ಆರಂಭದಲ್ಲಿಯೇ ಇಂಗ್ಲೆಂಡಿನ ವಿಲಿಯಂ ನ್ಯೂಬೆರಿ ಎಂಬುವನು ಪೇಟೆಂಟ್ ಪಡೆದಿದ್ದನು. ಆದರೆ ಬೆಸುಗೆಯು ಬೇಗ ಮುರಿಯುತ್ತಿದ್ದುದರಿಂದ ಅದು ಬಳಕೆಗೆ ಬರಲಿಲ್ಲ. 1846ರಲ್ಲಿ ಆನ್ ಪೌಲಿನ್ ಕ್ರೆಪಿನ್ ಎಂಬ ಫ್ರೆಂಚ್ ಮಹಿಳೆ ಉತ್ತಮ ಬೆಸುಗೆಯ ವಿಧಾನವನ್ನು ತಂದ ಮೇಲೆಯೇ ಯಂತ್ರವು ನೆಲೆನಿಂತಿತು. ಇಂದಿಗೂ ಬ್ಲೇಡು ಕೊಳ್ಳುವಾಗ ಮೊದಲು ಬೆಸುಗೆಯನ್ನೇ ನೋಡಬೇಕೆಂಬುದು ಇದರಿಂದ ದೊರೆಯುವ ಪಾಠ.

ಮೊದಲನೆಯದು ಯಂತ್ರದ ಗಾತ್ರ. ಸಣ್ಣ ಕಾರ್ಯಾಗಾರಗಳಲ್ಲಿ ಲೋಕಪ್ರಸಿದ್ಧವಾದುದು ನಾಲ್ಕು-ಆರು ಅಂಗುಲದ ಮಾದರಿ. ಇದು ಸುಮಾರು 100 ಮಿ.ಮೀ. ಎತ್ತರ, 150 ಮಿ.ಮೀ. ಅಗಲದ ತುಂಡನ್ನು ಕತ್ತರಿಸಬಲ್ಲುದು. ಇದರ ಬ್ಲೇಡಿನ ಉದ್ದ 1638 ಮಿ.ಮೀ. ಅರ್ಧ ಅಶ್ವಶಕ್ತಿಯ ಮೋಟಾರು ಸಾಕಾದುದರಿಂದ ಮನೆಯ ಸಿಂಗಲ್ ಫೇಸ್ ವಿದ್ಯುತ್ತಿನಲ್ಲಿಯೇ ನಡೆಯುತ್ತದೆ. ಮಲಗಿಸಿದರೆ ಸರಳನ್ನು ತುಂಡರಿಸುತ್ತದೆ. ನಿಲ್ಲಿಸಿ ಮೇಜು ಜೋಡಿಸಿದರೆ ತಗಡಿನಲ್ಲಿ ಬಾಗುರೇಖೆಯನ್ನೂ ಕೊಯ್ಯುತ್ತದೆ.

ಎರಡನೆಯದು ವೇಗ. ಮರ ಕೊಯ್ಯುವ ಪಟ್ಟಿ ಗರಗಸದ ಬ್ಲೇಡು ನಿಮಿಷಕ್ಕೆ ಸುಮಾರು 900 ಮೀಟರ್ ಓಡುತ್ತದೆ. ಸಣ್ಣ ಯಂತ್ರದಲ್ಲಿ ಮೃದು ಉಕ್ಕಿಗೆ ಬೇಕಾದುದು 30 ಮೀಟರಿನ ಆಸುಪಾಸು. ಮರದ ಗರಗಸಕ್ಕೆ ಉಕ್ಕನ್ನು ಒಡ್ಡಿದರೆ ಹಲ್ಲುಗಳು ಕಾಯ್ದು ಕ್ಷಣದಲ್ಲಿ ಮೊಂಡಾಗುತ್ತವೆ. ಗಡಸು ಉಕ್ಕಿಗೆ ಇನ್ನೂ ಕಡಿಮೆ ವೇಗ, ಹಿತ್ತಾಳೆ ಮತ್ತು ಅಲ್ಯೂಮಿನಿಯಮ್ಮಿಗೆ ಹೆಚ್ಚು ವೇಗ ಬೇಕು. ಆದುದರಿಂದ ಮೂರು ವೇಗಗಳಾದರೂ ಇರುವ ಯಂತ್ರವನ್ನೇ ಆರಿಸತಕ್ಕದ್ದು.

ಮೂರನೆಯದು ಹಲ್ಲುಗಳ ಸಂಖ್ಯೆ. ಯಾವ ಗಳಿಗೆಯಲ್ಲಿಯೂ ಕನಿಷ್ಠ ಮೂರು ಹಲ್ಲುಗಳು ಲೋಹದೊಳಗಿರಬೇಕೆಂಬುದು ನಿಯಮ. ಅಂಗುಲಕ್ಕೆ 14 ಹಲ್ಲಿನ ಬ್ಲೇಡು 6 ಮಿ.ಮೀ. ದಪ್ಪಕ್ಕೆ ಸರಿ, ಅದಕ್ಕಿಂತ ತೆಳುವಾದ ಕೊಳವೆಗೆ 24 ಹಲ್ಲು ಬೇಕು. ಈ ಲೆಕ್ಕವನ್ನು ಕಡೆಗಣಿಸಿ, ಇದೇ ಲೇಖಕನು ತನ್ನ ಮೊದಲ ಯಂತ್ರದಲ್ಲಿ 10 ಹಲ್ಲಿನ ಬ್ಲೇಡಿನಿಂದ ತೆಳುವಾದ ಕೊಳವೆಯನ್ನು ಕತ್ತರಿಸಹೋಗಿ, ಅರ್ಧ ಗಂಟೆಯೊಳಗೆ ಹಲ್ಲುಗಳನ್ನೆಲ್ಲ ಉದುರಿಸಿಕೊಂಡಿದ್ದನು. ತಪ್ಪು ಯಂತ್ರದ್ದಾಗಿರಲಿಲ್ಲ. ದಪ್ಪ ಸರಳಿಗೆ ಸಣ್ಣ ಹಲ್ಲೂ ಸಲ್ಲದು. ಹಲ್ಲಿನ ಸಂದು ಚೂರಿನಿಂದ ತುಂಬಿ ಕೊಯ್ತ ನಿಲ್ಲುತ್ತದೆ. ಬೆನ್ನಿಗೆ ಸ್ಪ್ರಿಂಗ್ ಉಕ್ಕು, ಹಲ್ಲಿಗೆ ಹೈಸ್ಪೀಡ್ ಉಕ್ಕು ಬೆಸೆದ ಬೈಮೆಟಲ್ ಬ್ಲೇಡು ದುಬಾರಿಯಾದರೂ ಬಾಳಿಕೆಯಲ್ಲಿ ಲಾಭಕರ.

ಕೊಳ್ಳುವ ಮುನ್ನ ಪರೀಕ್ಷೆಯೊಂದನ್ನು ಮಾಡಬೇಕು. 50 ಮಿ.ಮೀ. ಸರಳಿನ ತುದಿಯನ್ನು ಮೊದಲು ಒಮ್ಮೆ ಕೊಯ್ದು ತೆಗೆದು, ಸರಳನ್ನು ತಿರುಗಿಸದೆ ಮುಂದಕ್ಕೆ ಸರಿಸಿ ತೆಳುವಾದ ಬಿಲ್ಲೆಯೊಂದನ್ನು ಕತ್ತರಿಸಿರಿ. ಬಿಲ್ಲೆಯ ದಪ್ಪವು ಎಲ್ಲ ಕಡೆಯೂ ಒಂದೇ ಆಗಿದ್ದರೂ ಸರಳಿನ ಕೊಯ್ದ ಮುಖವನ್ನು ಮೂಲೆಮಟ್ಟದಿಂದ ನೋಡಿರಿ. ಮೇಲಿನಿಂದ ಕೆಳಗೆ ಓರೆಯಿದ್ದರೆ ಬ್ಲೇಡಿನ ಗೈಡುಗಳನ್ನೂ, ಪಕ್ಕಕ್ಕೆ ಓರೆಯಿದ್ದರೆ ವೈಸನ್ನೂ ಸರಿಪಡಿಸಬೇಕು. ಸರಿಪಡಿಸಲು ಅವಕಾಶವೇ ಇಲ್ಲದ ಯಂತ್ರವನ್ನು ಅಗ್ಗವೆಂದು ಕೊಳ್ಳಬಾರದು.

ಓಡುವ ಬ್ಲೇಡಿನ ಬಳಿ ಕೈಗವಸು ತೊಡಬಾರದು, ಬ್ಲೇಡು ಬದಲಿಸುವಾಗ ಪ್ಲಗ್ಗನ್ನು ಕಿತ್ತಿಡಬೇಕು, ಕನ್ನಡಕ ಧರಿಸಬೇಕು.

ಶಾಲೆಯ ಕಾರ್ಯಾಗಾರಗಳಿಗೆ ಯಂತ್ರವನ್ನು ದಾನವಾಗಿ ನೀಡುವ ಮಹನೀಯರಲ್ಲಿ ಒಂದು ವಿನಂತಿ: ಯಂತ್ರದೊಡನೆ ಬೇರೆ ಬೇರೆ ಹಲ್ಲಿನ ನಾಲ್ಕಾರು ಬ್ಲೇಡುಗಳನ್ನೂ ಕೊಡಿರಿ. ಬ್ಲೇಡಿಲ್ಲದೆ ನಿಂತ ಗರಗಸದಿಂದ ವಿದ್ಯಾರ್ಥಿಯು ಕಲಿಯುವುದೇನೂ ಇಲ್ಲ.