ಅಧ್ಯಯನ ಪಾಠ: ಹೊಲದ ಹಸಿರುಮನೆ ಮತ್ತು ಗ್ರಾಮ ಪಂಚಾಯಿತಿಯ ಅನುಮತಿ



ಮೇಲುಕೋಟೆ ಹೋಬಳಿಯ ರೈತರೊಬ್ಬರು ತರಕಾರಿ ಸಸಿ ಬೆಳೆಸಲು ತಮ್ಮ ಹೊಲದಲ್ಲಿ ಕಬ್ಬಿಣದ ಪೈಪು ನೆಟ್ಟು ನೆರಳುಪರದೆ ಹೊದಿಸುವುದಾಗಿ ಅರ್ಜಿ ಸಲ್ಲಿಸಿದ್ದಾರೆಂದು ಭಾವಿಸೋಣ. ಇದು ಕಟ್ಟಡವೇ? ಸಭೆಯು ತೀರ್ಮಾನಿಸದೆ ಮುಂದೂಡಿದರೆ ರೈತರಿಗೆ ಒಂದು ಹಂಗಾಮೇ ಕೈತಪ್ಪುತ್ತದೆ.

ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 95ನೆಯ ಪ್ರಕರಣದಂತೆ, ವ್ಯವಸಾಯದ ಉತ್ತಮಿಕೆಗಾಗಿ ಜಮೀನಿನಲ್ಲಿ ಕೃಷಿ ಕಟ್ಟಡ ಕಟ್ಟಿಕೊಳ್ಳಲು ಭೂ ಹಿಡುವಳಿದಾರರಿಗೆ ಅವಕಾಶವಿದೆ. ಆದುದರಿಂದ ಬೆಳೆ ಬೆಳೆಯುವ ಹಸಿರುಮನೆಗೆ ಭೂಪರಿವರ್ತನೆಯ ಆದೇಶ ತರಬೇಕೆಂದು ಒತ್ತಾಯಿಸುವುದು ಸರಿಯಲ್ಲ. ಆದರೆ ಪಂಚಾಯತ್ ರಾಜ್ ಅಧಿನಿಯಮ, 1993ರ 64ನೆಯ ಪ್ರಕರಣವು ಕಟ್ಟಡ ನಿರ್ಮಾಣಕ್ಕೆ ಪಂಚಾಯಿತಿಯ ಲಿಖಿತ ಅನುಮತಿಯನ್ನು ಕೇಳುತ್ತದೆ. 'ತಾತ್ಕಾಲಿಕ' ಎಂಬ ಪದವೊಂದೇ ವಿನಾಯಿತಿಯಾಗದು. ಬಿಚ್ಚಿ ಒಯ್ಯಬಹುದಾದ ಪರದೆಗೂ ಕಾಂಕ್ರೀಟ್ ಬುನಾದಿ, ಗೋದಾಮು, ಪಂಪ್ ಕೊಠಡಿಯುಳ್ಳ ಪಾಲಿಹೌಸಿಗೂ ಅಂತರವಿದೆ. ಎರಡನೆಯದಕ್ಕೆ ನಕ್ಷೆಸಹಿತ ಅರ್ಜಿ ಪಡೆಯುವುದೇ ಸುರಕ್ಷಿತ. ಸಂದೇಹವಿದ್ದಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರು ತಾಲ್ಲೂಕು ಪಂಚಾಯಿತಿಯ ಲಿಖಿತ ಅಭಿಪ್ರಾಯ ಪಡೆಯಲಿ.

ಸ್ಥಳ ಪರಿಶೀಲನೆಯಲ್ಲಿ ಸದಸ್ಯರು ಸಾಮಾನ್ಯವಾಗಿ ಮರೆಯುವುದು ನೀರನ್ನು. 500 ಚದರ ಮೀಟರ್ ಪ್ಲಾಸ್ಟಿಕ್ ಛಾವಣಿಯ ಮೇಲೆ 50 ಮಿಲಿಮೀಟರ್ ಮಳೆ ಸುರಿದರೆ ಸುಮಾರು 25,000 ಲೀಟರ್ ನೀರು ಒಮ್ಮೆಗೇ ಇಳಿಯುತ್ತದೆ. ಬೆಟ್ಟದ ಇಳಿಜಾರಿನಲ್ಲಿ ಅದು ಕೆಳಗಿನ ಹೊಲದ ಬದುವನ್ನು ಕೊಚ್ಚಿಕೊಂಡು ಹೋದರೆ ತಕರಾರು ಬರುವುದು ಪಂಚಾಯಿತಿಗೇ. ಆ ನೀರನ್ನು ಕೃಷಿ ಹೊಂಡಕ್ಕೆ ತಿರುಗಿಸುವಂತೆ ಅನುಮತಿಯಲ್ಲಿಯೇ ಷರತ್ತು ಬರೆಯಬಹುದು. ಕಲ್ಯಾಣಿ, ಕೊಳಗಳಿಂದಲೇ ಹೆಸರಾದ ಊರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಜಾಗದ ವಿಚಾರವೂ ಉಂಟು. ತೋಳಗಳ ಸಂರಕ್ಷಣೆಗಾಗಿ 1974ರಲ್ಲಿ ಘೋಷಿತವಾದ ಮೇಲುಕೋಟೆ ವನ್ಯಜೀವಿಧಾಮದ ಅಂಚಿನ ಜಮೀನಾಗಿದ್ದರೆ ಅರಣ್ಯ ಇಲಾಖೆಯನ್ನು ಮೊದಲೇ ವಿಚಾರಿಸತಕ್ಕದ್ದು. ಶ್ರೀರಂಗಪಟ್ಟಣದ ದರಿಯಾ ದೌಲತ್, ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯ ಪಂಚಕೂಟ ಬಸದಿಯಂತಹ ಕೇಂದ್ರ ಸಂರಕ್ಷಿತ ಸ್ಮಾರಕಗಳಿಂದ 100 ಮೀಟರ್ ನಿಷಿದ್ಧ ಪ್ರದೇಶ. ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿ ಪಂಚಾಯಿತಿಯ ಅನುಮತಿಯೊಂದೇ ಸಾಲದು.

ತೆರಿಗೆಯ ಬಗ್ಗೆ ಆತುರ ಬೇಡ. 199ನೆಯ ಪ್ರಕರಣದ ತೆರಿಗೆಯು ಕೃಷಿ ಕಂದಾಯಕ್ಕೆ ಒಳಪಡದ ಕಟ್ಟಡ ಮತ್ತು ಜಮೀನುಗಳಿಗೆ ಸಂಬಂಧಿಸಿದುದು. ಆದರೆ ಅದೇ ಪರದೆಯ ಕೆಳಗೆ ವೈರಮುಡಿ ಉತ್ಸವದ ದಿನಗಳಲ್ಲಿ ಹೋಟೆಲು ಅಥವಾ ಅಂಗಡಿ ತೆರೆದರೆ ಅದು ವ್ಯವಸಾಯವಲ್ಲ. ಅದಕ್ಕೆ ಬೇರೆ ಅರ್ಜಿಯನ್ನೇ ಪಡೆಯತಕ್ಕದ್ದು.