ಹವ್ಯಾಸವೂ ಹಣವೂ: ಹಗುರ ಸೈಕಲ್ಲಿನ ನಿದರ್ಶನ

‘ಹವ್ಯಾಸ’ವೆಂಬ ಶಬ್ದವು ಕನ್ನಡದಲ್ಲಿ ನಿರುಪದ್ರವಿಯಾದುದು. ದುಡಿಮೆಯಿಂದ ಬಿಡುವಾದಾಗ ಮನಸ್ಸಿಗೊಪ್ಪುವ ಕೆಲಸದಲ್ಲಿ ತೊಡಗುವುದಕ್ಕೆ ಕನ್ನಡಿಗರು ಆ ಹೆಸರನ್ನು ಕೊಟ್ಟಿದ್ದಾರೆ. ಅದೇ ಶಬ್ದವು ನೆರೆಯ ಮರಾಠಿಯಲ್ಲಿ ಅತಿಯಾಸೆ, ತೀರದ ಹಂಬಲ ಎಂಬ ಅರ್ಥವನ್ನು ತಳೆದಿದೆ. ಗಡಿಯ ಈಚೆಗೆ ವಿನೋದ, ಆಚೆಗೆ ಲೋಭ! ಸಂಸ್ಕೃತದ ‘ವ್ಯಸನ’ವಂತೂ ಆಪತ್ತು ಮತ್ತು ಚಟ ಇವೆರಡನ್ನೂ ಒಟ್ಟಿಗೇ ಹೇಳುತ್ತದೆ. ಕೌಟಿಲ್ಯನು ತನ್ನ ಅರ್ಥಶಾಸ್ತ್ರದಲ್ಲಿ ಬೇಟೆಯನ್ನು ಜೂಜು, ಮದ್ಯಪಾನಗಳ ಸಾಲಿನಲ್ಲಿಯೇ ಇರಿಸಿದ್ದಾನೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನಾದರೋ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಐದು ಭಾಗಗಳಲ್ಲಿ ಒಂದನ್ನು ಪೂರ್ತಿಯಾಗಿ ವಿನೋದಗಳಿಗೇ ಮೀಸಲಿಟ್ಟನು. ಆತನಿಗೆ ರಾಜ್ಯದ ಬೊಕ್ಕಸವಿತ್ತು. ತಿಂಗಳ ಸಂಬಳದವನು ಅರಸನ ವಿನೋದವನ್ನು ಬಯಸಿದಾಗ ಏನಾಗುತ್ತದೆಂಬುದೇ ಇಲ್ಲಿನ ವಿಚಾರ.

ಇದಕ್ಕೆ ಸ್ಪರ್ಧಾ ಸೈಕಲ್ಲಿಗಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ. ಹಾಲಿನ ಕ್ಯಾನು, ಹುಲ್ಲಿನ ಹೊರೆ, ಹಿಂದೊಬ್ಬ ಮಗ, ಮುಂದೊಬ್ಬ ಮಗಳು ಇಷ್ಟನ್ನೂ ಹೊತ್ತು ಹಳ್ಳಿಯ ದಾರಿಯಲ್ಲಿ ಸಾಗುವ ಸಾಮಾನ್ಯ ಸೈಕಲ್ಲು ಸುಮಾರು 20 ಕಿಲೋಗ್ರಾಂ ತೂಗುತ್ತದೆ. ಸ್ಪರ್ಧೆಯ ಸೈಕಲ್ಲು 7 ಕಿಲೋಗ್ರಾಂ ಆಸುಪಾಸಿನದು. ಅತ್ಯುತ್ತಮವೆನಿಸಿಕೊಂಡವುಗಳ ಬೆಲೆ ಹತ್ತು ಲಕ್ಷ ರೂಪಾಯಿಗಳನ್ನೂ ಮೀರುತ್ತದೆ. ಹೊರೆ ಕಡಿಮೆಯಾದಷ್ಟೂ ಬೆಲೆ ಏರುವ ಸರಕು ಲೋಕದಲ್ಲಿ ಬಹಳವಿಲ್ಲ.

ಹಗುರತನಕ್ಕೆ ಇಷ್ಟು ಬೆಲೆಯೇಕೆಂಬುದನ್ನು ತಿಳಿಯಬೇಕು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ರೆನಾಲ್ಡ್ಸ್ ಎಂಬವರು 1897ರಲ್ಲಿ ಒಂದು ಬಗೆಯ ಉಕ್ಕಿನ ಕೊಳವೆಗೆ ಹಕ್ಕುಪತ್ರ ಪಡೆದರು. ಬೆಸುಗೆ ಬೀಳುವ ತುದಿಗಳಲ್ಲಿ ಮಾತ್ರ ಅದರ ಗೋಡೆ ದಪ್ಪ, ನಡುವೆ ತೆಳು. ಬಲ ಬೇಕಾದಲ್ಲಿ ಮಾತ್ರ ಲೋಹವಿರಲಿ ಎಂಬ ಈ ಒಂದು ಯುಕ್ತಿಯೇ ಮುಂದಿನದಕ್ಕೆಲ್ಲ ಬೀಜವಾಯಿತು. ಉಕ್ಕಿನ ಬಳಿಕ ಅಲ್ಯುಮಿನಿಯಂ, ಟೈಟೇನಿಯಂ, ಕೊನೆಗೆ ಕಾರ್ಬನ್ ನಾರು ಬಂದವು. ಕೂದಲಿಗಿಂತ ಸಣ್ಣದಾದ ಕಾರ್ಬನ್ ಎಳೆಗಳ ಹಾಳೆಗಳನ್ನು ಅಂಟಿನಲ್ಲಿ ನೆನೆಸಿ, ಯಾವ ಭಾಗದಲ್ಲಿ ಎಳೆ ಯಾವ ದಿಕ್ಕಿಗಿರಬೇಕೆಂದು ಲೆಕ್ಕಹಾಕಿ, ಅಚ್ಚಿನೊಳಗೆ ಕೈಯಿಂದಲೇ ಒಂದರ ಮೇಲೊಂದು ಹಾಸಿ ಕಾಯಿಸುತ್ತಾರೆ. ಹೀಗೆ ಸಿದ್ಧವಾದ ಚೌಕಟ್ಟು ಇಂದು 700 ಗ್ರಾಂಗಳ ಒಳಗೂ ಇಳಿದಿದೆ. 20 ಕಿಲೋದಿಂದ 10 ಕಿಲೋಗೆ ಇಳಿಯುವುದು ಅಗ್ಗ. 8ರಿಂದ 7ಕ್ಕೆ ಇಳಿಯಲು ಲಕ್ಷಗಳು ಬೇಕು. ಅಲ್ಲಿಂದ ಕೆಳಗೆ ಒಂದೊಂದು ಬೋಲ್ಟಿನ ಗ್ರಾಮಿಗೂ ಹಣ ಸುರಿಯಬೇಕು.

ಇಷ್ಟಕ್ಕೆ ದೊರೆಯುವ ಫಲವನ್ನು ತಕ್ಕಡಿಯಲ್ಲಿಟ್ಟು ನೋಡಬಹುದು. ಫ್ರಾನ್ಸಿನ ಆಲ್ಪ್ ದ್ಯುಯೆಜ್ ಏರು 21 ತಿರುವುಗಳದು. ಸುಮಾರು 14 ಕಿಲೋಮೀಟರ್ ಉದ್ದ. ಪಳಗಿದ ಹವ್ಯಾಸಿಯೊಬ್ಬನು ಅದನ್ನು ಒಂದು ಗಂಟೆಯಲ್ಲಿ ಏರುವನೆಂದಿಟ್ಟುಕೊಳ್ಳಿ. ಅವನ ಮೈತೂಕ 70 ಕಿಲೋ, ಸೈಕಲ್ಲಿನದು 8. ಏರಬೇಕಾದುದು ಒಟ್ಟು 78. ಸೈಕಲ್ಲಿನಿಂದ ಒಂದು ಕಿಲೋ ತೆಗೆದರೆ ಉಳಿಯುವ ಕಾಲ ಹೆಚ್ಚೆಂದರೆ ಮುಕ್ಕಾಲು ನಿಮಿಷ. ಸೈಕಲ್ಲಿಗೆ ಕಟ್ಟಿಕೊಂಡ ಒಂದು ಲೀಟರ್ ನೀರಿನ ತೂಕವೂ ಒಂದು ಕಿಲೋವೇ; ಸವಾರನ ಹೊಟ್ಟೆಯ ಮೇಲಿನ ಒಂದು ಕಿಲೋ ಕರಗಿದರೂ ಗುಡ್ಡಕ್ಕೆ ಲೆಕ್ಕ ಒಂದೇ. ಆ ಕೊನೆಯ ದಾರಿಗೆ ಮಾತ್ರ ಹಣ ಬೇಡ, ಸಂಯಮ ಬೇಕು; ಆದುದರಿಂದಲೇ ಗಿರಾಕಿಗಳು ಕಡಿಮೆ.

ಬಯಲಿನಲ್ಲಿಯಾದರೆ ತೂಕದ ಪ್ರಭಾವ ಇನ್ನೂ ಅಲ್ಪ. ಅಲ್ಲಿ ಎದುರಾಳಿ ಗಾಳಿಯೇ. ಬೆಲ್ಜಿಯಂ ದೇಶದ ಎಡ್ಡಿ ಮರ್ಕ್ಸ್ 1972ರಲ್ಲಿ ಮೆಕ್ಸಿಕೋ ನಗರದಲ್ಲಿ ಒಂದು ಗಂಟೆಯಲ್ಲಿ 49.431 ಕಿಲೋಮೀಟರ್ ಕ್ರಮಿಸಿದರು. ಅವರಿಗಾಗಿ ಇಟಲಿಯ ಎರ್ನೆಸ್ಟೊ ಕೊಲ್ನಾಗೊ ಕಟ್ಟಿದ ಸೈಕಲ್ಲು 6 ಕಿಲೋಗೂ ಕಡಿಮೆಯದು. ಸರಪಳಿಯಲ್ಲಿಯೂ ರಂಧ್ರ ಕೊರೆದು ಲೋಹ ಉಳಿಸಿದ್ದರು. 1996ರಲ್ಲಿ ಬ್ರಿಟನ್ನಿನ ಕ್ರಿಸ್ ಬೋರ್ಡ್‌ಮನ್, ತೋಳುಗಳನ್ನು ಮುಂದಕ್ಕೆ ನೀಡಿ ಗಾಳಿಯನ್ನು ಸೀಳುವ ಭಂಗಿಯಲ್ಲಿ, ಆಧುನಿಕ ಯಂತ್ರದ ಮೇಲೆ 56.375 ಕಿಲೋಮೀಟರ್ ಸಾಗಿದರು. ಆಮೇಲೆ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು ಮರ್ಕ್ಸ್ ಕಾಲದಂಥ ಸೈಕಲ್ಲಿನಲ್ಲಿಯೇ ದಾಖಲೆ ಆಗಬೇಕೆಂದು ಗೊತ್ತುಪಡಿಸಿತು. 2000ದಲ್ಲಿ ಅದೇ ಬೋರ್ಡ್‌ಮನ್ ಕ್ರಮಿಸಿದ ದೂರ 49.441 ಕಿಲೋಮೀಟರ್, ಅಂದರೆ ಮರ್ಕ್ಸ್‌ಗಿಂತ 10 ಮೀಟರ್ ಹೆಚ್ಚು. ಮೆಕ್ಸಿಕೋದ ಎತ್ತರದ ತೆಳುಗಾಳಿ ಮರ್ಕ್ಸ್‌ಗೆ ಅನುಕೂಲವಾಗಿತ್ತೆಂಬುದು ನಿಜ. ಆದರೂ ಸುಮಾರು ಏಳು ಕಿಲೋಮೀಟರುಗಳಷ್ಟು ಅಂತರವು ಯಂತ್ರ ಮತ್ತು ಭಂಗಿಗಳದಾಗಿತ್ತೆಂಬುದು ಸ್ಪಷ್ಟವಾಯಿತು.

ಅದೇ ಒಕ್ಕೂಟವು 2000ದಿಂದ ಸ್ಪರ್ಧೆಯ ಸೈಕಲ್ಲು 6.8 ಕಿಲೋಗಿಂತ ಹಗುರವಿರಕೂಡದೆಂದು ವಿಧಿಸಿದೆ. ತೂಕ ಸಾಲದೆ ಲೋಹದ ತುಂಡು ಸೇರಿಸಿ ಕಣಕ್ಕಿಳಿದ ತಂಡಗಳೂ ಉಂಟು. ವೃತ್ತಿಪರನಿಗೆ ನಿಷೇಧವಾದ ಹಗುರತನವನ್ನು ಲಕ್ಷ ತೆತ್ತು ಕೊಳ್ಳುವ ಸ್ವಾತಂತ್ರ್ಯ ಹವ್ಯಾಸಿಗೆ ಮಾತ್ರ ಉಂಟು!

ಹಾಗೆಂದು ಹವ್ಯಾಸಿಯನ್ನು ಹಳಿದು ಮುಗಿಸುವುದು ನ್ಯಾಯವಲ್ಲ. ಒಳ್ಳೆಯ ಹಲಸಿನ ಮರದ ವೀಣೆಗೆ ಹಣ ತೆತ್ತವನನ್ನು ಯಾರೂ ಬಯ್ಯುವುದಿಲ್ಲ. ಪಂಡಿತರ ಕಪಾಟುಗಳಲ್ಲಿ ಹಾಳೆ ಕತ್ತರಿಸದ ಗ್ರಂಥಗಳೆಷ್ಟಿವೆಯೆಂಬುದನ್ನು ಅವರ ಮನೆಯವರೇ ಬಲ್ಲರು. ಚೆನ್ನಾಗಿ ಮಾಡಿದ ವಸ್ತುವನ್ನು ಕೈಯಲ್ಲಿ ಹಿಡಿಯುವ ಸುಖವು ಸುಳ್ಳಲ್ಲ. ಕುಶಲಿಯ ಬಾಳು ನಡೆಯುವುದೂ ಅಂಥ ರಸಿಕರಿಂದಲೇ. ನಸುಕಿನಲ್ಲೆದ್ದು ನೂರು ಕಿಲೋಮೀಟರ್ ತುಳಿದು ಬರುವವನಿಗೆ ಆ ಸೈಕಲ್ಲು ಬೆಲೆಗೆ ತಕ್ಕುದೇ. ಅಭ್ಯಾಸದಿಂದ ಮಾತ್ರ ಬರುವುದನ್ನು ಅಂಗಡಿಯಲ್ಲಿ ಕೊಳ್ಳಹೊರಟಲ್ಲಿ ತಪ್ಪು ಮೊದಲಾಗುತ್ತದೆ. ಬೆಲೆಯ ಚೀಟಿಯನ್ನು ಹೆಂಡತಿಯ ಕಣ್ಣಿಂದ ಮರೆಮಾಡಿದ ದಿನ ಮರಾಠಿಯ ಅರ್ಥವು ಮನೆಯೊಳಗೆ ಕಾಲಿಟ್ಟಿತೆಂದೇ ತಿಳಿಯಬೇಕು.

ಇದೇ ಸೈಕಲ್ಲು ಹವ್ಯಾಸವಲ್ಲದ ಎಡೆಯೂ ಒಂದಿದೆ. ವಿಜಯಪುರ, ಬಾಗಲಕೋಟೆ ಸೀಮೆಯ ರೈತಮಕ್ಕಳು ದಶಕಗಳಿಂದ ರಾಷ್ಟ್ರಮಟ್ಟದ ಸೈಕಲ್ ಸ್ಪರ್ಧೆಗಳಲ್ಲಿ ಪದಕ ತರುತ್ತಿದ್ದಾರೆ. ಹವ್ಯಾಸಿಗೆ ಲೆಕ್ಕಕ್ಕೆ ಬಾರದ ಆ ಮುಕ್ಕಾಲು ನಿಮಿಷವು ಅವರಿಗೆ ಪದಕವಾದೀತು, ಪದಕದಿಂದ ನೌಕರಿಯಾದೀತು. ಕಾಲಿನಲ್ಲಿ ಬಲವಿದ್ದು ಕೈಯಲ್ಲಿ ಹಣವಿಲ್ಲದ ಹುಡುಗನು ಭಾರದ ಸೈಕಲ್ಲನ್ನೇರಿ ಹೊರಟರೆ ಮೊದಲ ತಿರುವಿಗೇ ಹಿಂದೆ ಬೀಳುತ್ತಾನೆ; ಹೊಲದ ಮೇಲೆ ಸಾಲ ಎತ್ತಿ ಅವನಿಗೆ ಯಂತ್ರ ಕೊಡಿಸುವ ತಂದೆಗೆ ಅದು ವಿನೋದದ ವೆಚ್ಚವಲ್ಲ. ಇತ್ತ ನಗರಗಳ ಹವ್ಯಾಸಿಗಳು ಹೊಸ ಮಾದರಿ ಬಂದೊಡನೆ ಹಳೆಯದನ್ನು ಬಹಳ ಕಡಿಮೆ ಬೆಲೆಗೆ ಬಿಟ್ಟುಬಿಡುತ್ತಾರೆ. ಹಾಗೆ ಬಿಟ್ಟ ಸೈಕಲ್ಲಿನ ಸರಪಳಿ, ಟೈರುಗಳು ಸವೆದಿರಬಹುದು. ಚೌಕಟ್ಟಿಗೆ ಬಿರುಕಿಲ್ಲವೆಂದು ಬಲ್ಲವರಿಂದ ಪರೀಕ್ಷಿಸಿಕೊಂಡರೆ ಅದು ಇನ್ನೂ ಅನೇಕ ವರ್ಷ ಸ್ಪರ್ಧೆಗೆ ಒದಗುತ್ತದೆ.