ಎಕನಾಮಿಕ್ಸ್ ಓದುವಿರಾ? ಗಣಿತ ಬಿಡಬೇಡಿ

ಗಣಿತದಿಂದ ತಪ್ಪಿಸಿಕೊಳ್ಳಲೆಂದೇ ಅರ್ಥಶಾಸ್ತ್ರಕ್ಕೆ ಸೇರುವವರು ಬಹಳ ಮಂದಿ. ಪದವಿಯಲ್ಲಿ ಅದು ನಡೆದೂಬಿಡುತ್ತದೆ. ನೋಟ್ಸ್ ಬಾಯಿಪಾಠ ಮಾಡಿ ಫಸ್ಟ್ ಕ್ಲಾಸ್ ಪಡೆಯಬಹುದು. ಪೆಟ್ಟು ಬೀಳುವುದು ಆಮೇಲೆ. ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಕೋಲ್ಕತ್ತ ಮತ್ತು ದೆಹಲಿಯಲ್ಲಿ ನಡೆಸುವ ಕ್ವಾಂಟಿಟೇಟಿವ್ ಎಕನಾಮಿಕ್ಸ್ ಸ್ನಾತಕೋತ್ತರ ಕೋರ್ಸಿನ ಪ್ರವೇಶ ಪರೀಕ್ಷೆಯಲ್ಲಿ ಗಣಿತವೇ ಮೊದಲ ಜರಡಿ. ಅಲ್ಲಿಗೆ ಹೋಗುವ ಆಸೆಯಿದ್ದರೆ ತಯಾರಿ ಪಿಯುಸಿಯಲ್ಲೇ ಶುರುವಾಗಬೇಕು.

ಪಿಯುಸಿಯಲ್ಲಿ

ಪಿಸಿಎಂಬಿ, ಪಿಸಿಎಂಸಿ, ಪಿಸಿಎಂಎಸ್ ಯಾವುದು ಓದಿದ್ದರೂ ಸರಿ. ಅರ್ಥಶಾಸ್ತ್ರ ಓದಿಲ್ಲವಲ್ಲ ಎಂಬ ಅಳುಕು ಬೇಡ. ದೆಹಲಿ ವಿಶ್ವವಿದ್ಯಾಲಯದ ಬಿ.ಎ. ಆನರ್ಸ್ ಎಕನಾಮಿಕ್ಸ್‌ಗೆ ಸಿಯುಇಟಿಯಲ್ಲಿ ಗಣಿತದ ಪತ್ರಿಕೆ ಬರೆದಿರಲೇಬೇಕು, ಅರ್ಥಶಾಸ್ತ್ರ ಕಡ್ಡಾಯವಲ್ಲ. ಕಾಮರ್ಸ್‌ನವರು ಮಾತ್ರ ಸ್ವಲ್ಪ ಎಚ್ಚರ ವಹಿಸಬೇಕು. ನಮ್ಮ ಪಿಯುಸಿಯಲ್ಲಿ ಬೇಸಿಕ್ ಮ್ಯಾಥ್ಸ್ ಬೇರೆ, ವಿಜ್ಞಾನದವರ ಮ್ಯಾಥಮೆಟಿಕ್ಸ್ ಬೇರೆ. ನೀವು ಸೇರಬೇಕೆಂದಿರುವ ಸಂಸ್ಥೆ ಬೇಸಿಕ್ ಮ್ಯಾಥ್ಸ್ ಒಪ್ಪುತ್ತದೆಯೇ ಎಂದು ಇಮೇಲ್‌ನಲ್ಲಿ ಕೇಳಿ, ಉತ್ತರವನ್ನು ಜೋಪಾನವಾಗಿಡಿ. ಫೋನಿನಲ್ಲಿ ಸಿಕ್ಕ ಭರವಸೆ ಪ್ರವೇಶದ ದಿನ ಕೆಲಸಕ್ಕೆ ಬರುವುದಿಲ್ಲ.

ಕೋರ್ಸಿನ ಹೆಸರಿಗೆ ಮರುಳಾಗಬೇಡಿ

ಬಿ.ಎ. ಎಂದರೆ ಗಣಿತ ಕಮ್ಮಿ, ಬಿ.ಎಸ್ಸಿ. ಎಂದರೆ ಜಾಸ್ತಿ ಎಂದುಕೊಳ್ಳುವುದು ತಪ್ಪು. ದೆಹಲಿಯದು ಬಿ.ಎ.ಯೇ, ಆದರೂ ಅಲ್ಲಿ ಗಣಿತವಿಲ್ಲದೆ ಒಂದು ಹೆಜ್ಜೆ ಮುಂದೆ ಹೋಗಲಾಗದು. ಬೆಂಗಳೂರಿನಲ್ಲಿ 2017ರಲ್ಲಿ ಆರಂಭವಾದ ಡಾ. ಬಿ.ಆರ್. ಅಂಬೇಡ್ಕರ್ ಸ್ಕೂಲ್ ಆಫ್ ಎಕನಾಮಿಕ್ಸ್ ಇದೆ. ಜೆಇಇ ಅಡ್ವಾನ್ಸ್ಡ್ ಬರೆಯುವವರಿಗೆ ಕಾನ್ಪುರ ಮತ್ತು ಬಾಂಬೆ ಐಐಟಿಗಳಲ್ಲಿ ಎಕನಾಮಿಕ್ಸ್‌ನಲ್ಲೇ ಬಿ.ಎಸ್. ಪದವಿಯಿದೆ.

ಊರು ಬಿಡಲಾಗದವರಿಗೂ ದಾರಿಯಿದೆ. ಅರ್ಥಶಾಸ್ತ್ರ, ಗಣಿತ, ಸಂಖ್ಯಾಶಾಸ್ತ್ರ ಮೂರನ್ನೂ ಒಟ್ಟಿಗೆ ಕೊಡುವ ಕಾಂಬಿನೇಷನ್ ಎಲ್ಲಿದೆ ಎಂದು ಹುಡುಕಿ. ಹೆಸರಾಂತ ಕಾಲೇಜಿನ ಗಣಿತವಿಲ್ಲದ ಆನರ್ಸ್‌ಗಿಂತ ಜಿಲ್ಲಾ ಕೇಂದ್ರದ ಈ ಕಾಂಬಿನೇಷನ್ನೇ ಮೇಲು ಎಂದು ನನ್ನ ಅಭಿಪ್ರಾಯ. ಎಲ್ಲಿಗೇ ಅರ್ಜಿ ಹಾಕಿ, ಮೊದಲು ಸಿಲಬಸ್ ಡೌನ್‌ಲೋಡ್ ಮಾಡಿ ಕ್ಯಾಲ್ಕುಲಸ್, ಲೀನಿಯರ್ ಆಲ್ಜೀಬ್ರಾ, ಪ್ರಾಬಬಿಲಿಟಿ, ಎಕನೋಮೆಟ್ರಿಕ್ಸ್ ಎಂಬ ನಾಲ್ಕು ಹೆಸರು ಇವೆಯೇ ನೋಡಿ.

ಯಾವ ಗಣಿತ, ಯಾವಾಗ?

ಮೊದಲ ವರ್ಷ ಕ್ಯಾಲ್ಕುಲಸ್. ಪಿಯುಸಿಯಲ್ಲಿ ಒಂದೇ ಚರಾಕ್ಷರವಿದ್ದರೆ ಇಲ್ಲಿ ಎರಡು, ಮೂರು ಬರುತ್ತವೆ. ಇದರ ಉಪಯೋಗವೇನು ಎಂಬುದಕ್ಕೆ ಒಂದು ಸಣ್ಣ ಲೆಕ್ಕ ಮಾಡೋಣ.

ಒಬ್ಬ ವ್ಯಾಪಾರಿ ತನ್ನ ಸರಕಿನ ಬೆಲೆಯನ್ನು p ಎಂದಿಟ್ಟರೆ 100 − 2p ನಗ ಮಾರಾಟವಾಗುತ್ತವೆ ಎನ್ನಿ. ಅವನಿಗೆ ಖರ್ಚೇ ಇಲ್ಲ ಎಂದುಕೊಂಡರೆ ಬರುವ ಹಣ 100p − 2p². ಇದರ ಡೆರಿವೇಟಿವ್ 100 − 4p. ಅದನ್ನು ಸೊನ್ನೆಗೆ ಸಮ ಮಾಡಿದರೆ ಬೆಲೆ 25 ರೂಪಾಯಿ. ಈಗ ನಗವೊಂದಕ್ಕೆ 10 ರೂಪಾಯಿ ಖರ್ಚು ಬಿತ್ತು. ಲಾಭ (p − 10)(100 − 2p). ಮತ್ತೆ ಅದೇ ಕೆಲಸ ಮಾಡಿ: ಬೆಲೆ 30, ಲಾಭ 800. ಖರ್ಚು ಹತ್ತು ರೂಪಾಯಿ ಏರಿದರೂ ಬೆಲೆ ಏರಿದ್ದು ಐದೇ. ಪೂರ್ತಿ ಹತ್ತನ್ನೂ ಗಿರಾಕಿಯ ಮೇಲೆ ಹಾಕಿ 35ಕ್ಕೆ ಮಾರಿದ್ದರೆ ಲಾಭ 750ಕ್ಕೆ ಇಳಿಯುತ್ತಿತ್ತು. ತೆರಿಗೆ ಹಾಕಿದಾಗ ಅದರ ಭಾರ ಯಾರ ಮೇಲೆ ಎಷ್ಟು ಬೀಳುತ್ತದೆ ಎಂಬ ಚರ್ಚೆಯ ಬೇರು ಇಲ್ಲಿದೆ. ಬರೀ ಮಾತಿನಲ್ಲಿ ಈ ಐದು ರೂಪಾಯಿಯನ್ನು ಕಂಡುಹಿಡಿಯಲು ಆಗುವುದಿಲ್ಲ.

ಇದರ ಜೊತೆಗೇ ಲೀನಿಯರ್ ಆಲ್ಜೀಬ್ರಾ ಓದಿ. ಎಂಐಟಿಯ ಗಿಲ್ಬರ್ಟ್ ಸ್ಟ್ರಾಂಗ್ ಅವರ ಉಪನ್ಯಾಸಗಳು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಎರಡನೇ ವರ್ಷ ಪ್ರಾಬಬಿಲಿಟಿ, ಸಂಖ್ಯಾಶಾಸ್ತ್ರ. ಇವು ಗಟ್ಟಿಯಾದ ಮೇಲೆಯೇ ಎಕನೋಮೆಟ್ರಿಕ್ಸ್. ಈ ಕ್ರಮ ತಪ್ಪಿದವರು ರಿಗ್ರೆಷನ್ ಸೂತ್ರವನ್ನು ಮಂತ್ರದಂತೆ ಉರುಹೊಡೆಯುತ್ತಾರೆ. ಪಿಎಚ್.ಡಿ.ವರೆಗೂ ಹೋಗಬೇಕೆಂದಿರುವವರು ಮೂರನೇ ವರ್ಷ ಗಣಿತ ವಿಭಾಗದಲ್ಲಿ ಕುಳಿತಾದರೂ ರಿಯಲ್ ಅನಾಲಿಸಿಸ್ ಓದಬೇಕು. ಅಲ್ಲಿ ಉತ್ತರಕ್ಕಿಂತ ಸಾಧನೆಗೆ ಬೆಲೆ, ಮೊದಲ ಎರಡು ತಿಂಗಳು ತಲೆ ಕೆಡುವುದು ಸಹಜ.

ಪುಸ್ತಕ ಮತ್ತು ಅಭ್ಯಾಸ

ಗಣಿತಕ್ಕೆ ಸಿಡ್ಸೇಟರ್ ಮತ್ತು ಹ್ಯಾಮಂಡ್ ಅವರ ಪುಸ್ತಕ, ಮೈಕ್ರೋ ಎಕನಾಮಿಕ್ಸ್‌ಗೆ ಹಾಲ್ ವೇರಿಯನ್, ಎಕನೋಮೆಟ್ರಿಕ್ಸ್‌ಗೆ ವುಲ್ಡ್ರಿಡ್ಜ್. ಇಷ್ಟು ಸಾಕು. ವೇರಿಯನ್ ಓದುವಾಗ ಅಧ್ಯಾಯದ ಕೊನೆಯ ಅನುಬಂಧವನ್ನು ಹಾರಿಸಬೇಡಿ, ಕ್ಯಾಲ್ಕುಲಸ್ ಎಲ್ಲ ಇರುವುದು ಅಲ್ಲೇ. ಕನ್ನಡ ಮಾಧ್ಯಮದಲ್ಲಿ ಓದಿಬಂದವರಿಗೆ ಮೊದಲ ಸೆಮಿಸ್ಟರ್‌ನಲ್ಲಿ ಇಂಗ್ಲಿಷ್ ತೊಡಕಾಗುತ್ತದೆ, ನಿಜ. ಆದರೆ ಸಮೀಕರಣಗಳಿಗೆ ಆ ತೊಂದರೆಯಿಲ್ಲ. ಗಣಿತ ಬಲ್ಲ ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಅದೇ ದೊಡ್ಡ ಅನುಕೂಲ.

ಪ್ರತಿ ಪಾಠದ ಲೆಕ್ಕಗಳನ್ನು ಉತ್ತರ ನೋಡದೆ ಮಾಡಿ. ವಿಡಿಯೊ ನೋಡಿ ‘ಅರ್ಥವಾಯಿತು’ ಎಂದರೆ ಆಗಲಿಲ್ಲ. ಎರಡನೇ ವರ್ಷದಿಂದ ಆರ್ ತಂತ್ರಾಂಶ ಕಲಿಯಿರಿ, ಅದಕ್ಕೆ ದುಡ್ಡು ಕೊಡಬೇಕಿಲ್ಲ. ಭಾರತೀಯ ರಿಸರ್ವ್ ಬ್ಯಾಂಕಿನ ಜಾಲತಾಣದಲ್ಲಿರುವ ಅಂಕಿಅಂಶಗಳನ್ನೇ ಇಳಿಸಿಕೊಂಡು ಅಭ್ಯಾಸ ಮಾಡಬಹುದು.

ಮನೆಯವರು ಕೆಲಸದ ಬಗ್ಗೆ ಕೇಳಿಯೇ ಕೇಳುತ್ತಾರೆ. ಅವರಿಗೆ ಮೊದಲೇ ಹೇಳಿಬಿಡಿ: ಈ ಓದು ಮೂರು ವರ್ಷಕ್ಕೆ ಮುಗಿಯುವುದಿಲ್ಲ. ಐಎಎಸ್ ಪರೀಕ್ಷೆಗೆ ಯಾವುದಾದರೂ ಒಂದು ಪದವಿ ಸಾಕು. ಆದರೆ ಯುಪಿಎಸ್‌ಸಿಯೇ ನಡೆಸುವ ಇಂಡಿಯನ್ ಎಕನಾಮಿಕ್ ಸರ್ವಿಸ್ ಪರೀಕ್ಷೆಗೆ ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಬೇಕು.